ವರದಿಯ ಮೊದಲ ಪುಟ

ಕೇಳುಗರಿಗೆ ನಮಸ್ಕಾರ.

ಹಲವು ವರ್ಷಗಳ ಹಿಂದೆ ನಾನು ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಯ ಕಚೇರಿಯಲ್ಲಿದ್ದಾಗ, ತಿರುಳು ಹೆಚ್ಚು ಒಡೆಯುತ್ತಿರುವುದೇಕೆಂದು ಪರಿಶೀಲಿಸಿ ವರದಿ ಕೊಡುವಂತೆ ಮಾಲೀಕರು ಹೇಳಿದರು. ನಾನು ಒಪ್ಪಿಸಿದ್ದು 22 ಪುಟ. ಅವರು ಅದನ್ನು ಕೈಗೆತ್ತಿಕೊಂಡವರೇ ಕೊನೆಯ ಪುಟ ತೆರೆದರು. ಅಲ್ಲಿ ಬರೀ ಕೋಷ್ಟಕವಿದ್ದುದರಿಂದ ಒಂದೊಂದೇ ಹಾಳೆಯನ್ನು ಹಿಂದಕ್ಕೆ ಮಗುಚುತ್ತಾ ಹೋದರು. ಅವರಿಗೆ ಬೇಕಾದ ಮಾತು 17ನೆಯ ಪುಟದ ನಡುವೆಲ್ಲೋ ಅಡಗಿತ್ತು.

ವ್ಯವಹಾರದ ವರದಿಯು ಪತ್ತೇದಾರಿ ಕಥೆಯಲ್ಲವಾದ್ದರಿಂದ, ಶೀರ್ಷಿಕೆಯ ಬೆನ್ನಿಗೇ ಸಾರಾಂಶ ಬರಬೇಕು: ‘ಬೋರ್ಮಾದಲ್ಲಿ, ಅಂದರೆ ತಿರುಳನ್ನು ಒಣಗಿಸುವ ಕೋಣೆಯಲ್ಲಿ, ಬಿಸಿ ಎಲ್ಲ ತಟ್ಟೆಗಳಿಗೂ ಸಮನಾಗಿ ತಗಲುತ್ತಿಲ್ಲ, ನಡುವೆ ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸಬೇಕು.’ ಇಷ್ಟೇ ಸಾಕು.

ಪೀಠಿಕೆಯು ವರದಿಯ ಉದ್ದೇಶವನ್ನೂ ವ್ಯಾಪ್ತಿಯನ್ನೂ ತಿಳಿಸಿದರೆ ಆಯಿತು. ಆದರೆ ಓದುವವರು ಯಾರೆಂಬುದನ್ನು ಇಲ್ಲಿಯೇ ನಿರ್ಧರಿಸಬೇಕು. ಡಬ್ಲ್ಯು-320 ಎಂದರೆ ಪೌಂಡಿಗೆ ಸುಮಾರು 320 ಇಡೀ ತಿರುಳು ತೂಗುವ ದರ್ಜೆ ಎಂದು ಮಾಲೀಕರಿಗೆ ವಿವರಿಸಬೇಕಾಗಿಲ್ಲ. ಅದೇ ವರದಿ ಸಾಲಕ್ಕಾಗಿ ಬ್ಯಾಂಕಿಗೆ ಹೋಗುವುದಾದರೆ, ಒಡೆದ ತಿರುಳಿಗೆ ಬೆಲೆ ಕಡಿಮೆಯೆಂಬ ವಿವರಣೆಯೂ ಬೇಕು.

ಹೆಚ್ಚಿನವರು ಎಡವುವುದು ವರದಿಯ ನಡುಭಾಗದಲ್ಲಿ. ಕಂಡದ್ದನ್ನೂ ಅನಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಕಲಸಿಬಿಡುತ್ತಾರೆ. ಕೆಳಗಿನ ತಟ್ಟೆಗಳ ತಿರುಳಿಗೆ ಸಿಪ್ಪೆ ಅಂಟಿಕೊಂಡಿತ್ತು, ಸುಲಿಯುವಾಗ ಅದು ಒಡೆಯಿತು ಎಂಬುದು ಕಂಡದ್ದು. ಮಳೆಗಾಲದ ತೇವವೇ ಕಾರಣವಿರಬಹುದು ಎಂಬುದು ಊಹೆ. ಊಹೆಗೂ ವರದಿಯಲ್ಲಿ ಜಾಗವಿದೆ, ಆದರೆ ಅದು ಬೇರೆ ಶೀರ್ಷಿಕೆಯಡಿ ಬರಬೇಕು; ಇಲ್ಲವಾದರೆ ಊಹೆ ತಪ್ಪಾದ ದಿನ ಎಣಿಸಿ ಬರೆದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ.

ಶಿಫಾರಸುಗಳ ವಿಷಯದಲ್ಲಿ ನನ್ನದೊಂದು ತಕರಾರಿದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ನಮ್ಮ ಕಚೇರಿಗಳ ಮೆಚ್ಚಿನ ವಾಕ್ಯದಲ್ಲಿ ಯಾರು, ಯಾವಾಗ, ಎಷ್ಟು ಖರ್ಚಿನಲ್ಲಿ ಎಂಬ ಮೂರೂ ಇಲ್ಲ. ಆ ಮೂರನ್ನು ಬರೆಯಲಾಗದಿದ್ದರೆ ಶಿಫಾರಸು ಇನ್ನೂ ಹಣ್ಣಾಗಿಲ್ಲವೆಂದೇ ಅರ್ಥ.

ದಿನವಹಿ ತೂಕದ ಪಟ್ಟಿ, ಬಿಲ್ಲುಗಳ ಪ್ರತಿ ಮುಂತಾದವು ಅನುಬಂಧಕ್ಕೆ ಹೋಗಲಿ. ಸಾರಾಂಶವು ಮೊದಲ ಪುಟದಲ್ಲಿದ್ದರೂ ಅದನ್ನು ಬರೆಯಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಹೇಳಬೇಕಾದದ್ದೇನೆಂದು ಬರೆಯುವವರಿಗೂ ಪೂರ್ತಿ ತಿಳಿದಿರುವುದಿಲ್ಲ.

ನಾನು ತಿದ್ದಿ ಬರೆದ ವರದಿ 4 ಪುಟಗಳದ್ದು. ಮಾಲೀಕರು ಮೊದಲ ಪುಟ ಓದಿ ಬೋರ್ಮಾದ ಮೇಸ್ತ್ರಿಯನ್ನು ಕರೆಸಿದರು. ಉಳಿದ ಮೂರು ಪುಟಗಳನ್ನು ಅವರು ಓದಿದರೋ ಇಲ್ಲವೋ, ನಾನು ಕೇಳಲಿಲ್ಲ.

ನಮಸ್ಕಾರ.