ಫಿಸಿಯೋಥೆರಪಿಯ ನಡುವೆ ಕಾಣಿಸುವ ಅಪಾಯದ ಸೂಚನೆಗಳು

[ನಿರೂಪಕಿ, ಕ್ಯಾಮೆರಾ ಎದುರು]

ನಮಸ್ಕಾರ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮನೆಗಳಲ್ಲಿ ಫಿಸಿಯೋಥೆರಪಿ ಈಗ ಅಪರೂಪದ ಸಂಗತಿಯಲ್ಲ. ಮಂಗಳೂರಿನಲ್ಲಿ ಮೊಣಕಾಲಿನ ಕೀಲು ಬದಲಿಸಿಕೊಂಡು ಬಂದವರು, ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾದವರು, ಪಕ್ಷವಾತದಿಂದ ಚೇತರಿಸಿಕೊಳ್ಳುತ್ತಿರುವವರು ಮನೆಗೆ ಮರಳಿದ ಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡುತ್ತಾರೆ. ಈ ಅವಧಿಯಲ್ಲಿ ರೋಗಿಯನ್ನು ಹತ್ತಿರದಿಂದ ನೋಡುತ್ತಿರುವವರು ಫಿಸಿಯೋಥೆರಪಿಸ್ಟ್ ಮತ್ತು ಮನೆಯವರು. ಹೊಸದೊಂದು ಅಪಾಯ ತಲೆದೋರಿದರೆ ಅದು ಮೊದಲು ಕಣ್ಣಿಗೆ ಬೀಳುವುದೂ ಅವರಿಗೇ.

ನೋವು ತಡೆದುಕೊಂಡರೆ ಮಾತ್ರ ವ್ಯಾಯಾಮ ಫಲಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬಿಗಿದ ಕೀಲನ್ನು ಬಾಗಿಸುವಾಗ ನೋವಾಗುವುದು ನಿಜ. ಆದರೆ ಆ ನೋವು ಚಲನೆಯೊಂದಿಗೆ ಬಂದು ವಿಶ್ರಾಂತಿಯೊಂದಿಗೆ ಇಳಿಯುತ್ತದೆ. ಮಲಗಿದರೂ ಬಿಡದ, ನಡುರಾತ್ರಿ ಎಬ್ಬಿಸುವ, ದಿನದಿಂದ ದಿನಕ್ಕೆ ಏರುವ ನೋವನ್ನು ಸಹಿಸಿಕೊಂಡು ಸುಮ್ಮನಿರಬಾರದು.

[ದೃಶ್ಯ: ಎರಡೂ ಕಾಲುಗಳ ಮೀನಖಂಡವನ್ನು ಟೇಪಿನಿಂದ ಅಳೆಯುತ್ತಿರುವುದು]

ಮೊದಲನೆಯದಾಗಿ, ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಮೊಣಕಾಲು ಅಥವಾ ಸೊಂಟದ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಈ ಅಪಾಯ ಹೆಚ್ಚು. ಒಂದೇ ಕಾಲಿನ ಮೀನಖಂಡ ಊದಿಕೊಳ್ಳುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ, ಒತ್ತಿದರೆ ನೋಯುತ್ತದೆ, ಚರ್ಮ ಕೆಂಪಾಗಬಹುದು. ಶಸ್ತ್ರಚಿಕಿತ್ಸೆಯಾದ ಕಾಲು ಹೇಗೂ ಸ್ವಲ್ಪ ಊದಿರುತ್ತದೆಯಾದ್ದರಿಂದ ಕಣ್ಣಳತೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಕ್ಕೆ ಗುರುತು ಹಾಕಿ, ಎರಡೂ ಕಾಲುಗಳ ಸುತ್ತಳತೆಯನ್ನು ಹೊಲಿಗೆಯ ಟೇಪಿನಿಂದ ಅಳೆಯಬೇಕು. 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರು ಅದನ್ನು ಗಂಭೀರ ಸೂಚನೆಯೆಂದೇ ಪರಿಗಣಿಸುತ್ತಾರೆ. ಅಳತೆಯಲ್ಲಿ ಅಷ್ಟು ಅಂತರವಿಲ್ಲದಿದ್ದರೂ ನೋವು, ಬಿಸಿ ಹೊಸದಾಗಿ ಬಂದಿದ್ದರೆ ಅದೇ ದಿನ ತೋರಿಸಬೇಕು. ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನಿನಂತಹ ಪರೀಕ್ಷೆ ಮಾಡದೆ ಹೆಪ್ಪು ಇಲ್ಲವೆಂದು ಹೇಳಲಾಗದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಕಾಲು ಊದಿದರೆ ತೈಲ ಬಿಸಿಮಾಡಿ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಹೆಪ್ಪುಗಟ್ಟಿದ ಸಂಶಯವಿರುವ ಕಾಲನ್ನು ದಯವಿಟ್ಟು ತಿಕ್ಕಬೇಡಿ, ನೀವಬೇಡಿ. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಹಠಾತ್ತಾಗಿ ಉಸಿರು ಕಟ್ಟುತ್ತದೆ, ಉಸಿರೆಳೆದಾಗ ಎದೆ ಚುಚ್ಚುತ್ತದೆ, ಕೆಮ್ಮಿನಲ್ಲಿ ರಕ್ತ ಕಾಣಿಸಬಹುದು, ಪ್ರಾಣವೇ ಹೋಗಬಹುದು.

ಎರಡನೆಯ ಸೂಚನೆಯನ್ನು ರೋಗಿಗಳು ನಾಚಿಕೆಯಿಂದ ಮುಚ್ಚಿಡುತ್ತಾರೆ. ಸೊಂಟನೋವಿಗೆ ಥೆರಪಿ ಪಡೆಯುತ್ತಿರುವವರಿಗೆ ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ್ವಾರದ ಸುತ್ತ ಮರಗಟ್ಟಿದರೆ, ಎರಡೂ ಕಾಲುಗಳು ಸೋತುಬಂದರೆ, ಬೆನ್ನಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿರಬಹುದು. ಇದಕ್ಕೆ ಸಾಮಾನ್ಯವಾಗಿ ತುರ್ತು ಶಸ್ತ್ರಚಿಕಿತ್ಸೆಯೇ ಬೇಕು. ತಡವಾದರೆ ಮೂತ್ರದ ತೊಂದರೆ ಶಾಶ್ವತವಾಗಿ ಉಳಿಯಬಹುದು. ಅತ್ತೆ ಸೊಸೆಯೊಡನೆ, ತಂದೆ ಮಗಳೊಡನೆ ಈ ಮಾತೆತ್ತಲು ಹಿಂಜರಿಯುತ್ತಾರೆ. ಹಾಗಾಗಿ ಥೆರಪಿಸ್ಟರೇ ಪ್ರತಿ ಭೇಟಿಯಲ್ಲೂ, ಅಗತ್ಯವಿದ್ದರೆ ಮನೆಯವರನ್ನು ಹೊರಗೆ ಕಳುಹಿಸಿ, ನೇರವಾಗಿ ಕೇಳುವುದು ಒಳ್ಳೆಯದು.

[ದೃಶ್ಯ: ಮೂತ್ರದ ಚೀಲ, ಮಂಚದ ಕಾಲಿಗೆ ಸಿಕ್ಕಿ ಮಡಚಿಕೊಂಡ ಕೊಳವೆ]

ಮರದಿಂದ ಬಿದ್ದು ಎದೆಯ ಮಟ್ಟದಲ್ಲಿ ಅಥವಾ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಮತ್ತೊಂದು ಅಪಾಯವಿದೆ. ತಲೆ ಸಿಡಿಯುವಂತಹ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು, ಇವು ರಕ್ತದೊತ್ತಡ ಏಕಾಏಕಿ ಏರುತ್ತಿರುವುದರ ಲಕ್ಷಣಗಳು. ಇಂಥವರ ಎಂದಿನ ರಕ್ತದೊತ್ತಡ ಕಡಿಮೆಯೇ ಇರುವುದರಿಂದ, ಇತರರಿಗೆ ಸಾಧಾರಣವೆನಿಸುವ 140 ಕೂಡ ಇವರಿಗೆ ಅಪಾಯದ ಅಂಕಿಯಾಗಬಹುದು. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ, ಪಟ್ಟಿ ಸಡಿಲಿಸಿ, ನಂತರ ಮೂತ್ರ ಹೊರಹರಿಸುವ ಕ್ಯಾಥೆಟರ್ ಕೊಳವೆಯನ್ನು ತುದಿಯಿಂದ ತುದಿಗೆ ನೋಡಿ. ಬಹಳ ಸಲ ಕಾರಣ ಅಲ್ಲೇ ಇರುತ್ತದೆ: ಕೊಳವೆ ಮಡಚಿಕೊಂಡು ಮೂತ್ರಕೋಶ ತುಂಬಿ ಬಿಗಿದಿರುತ್ತದೆ. ಮಲಬದ್ಧತೆಯಿಂದಲೂ, ಹಾಸಿಗೆ ಹುಣ್ಣಿನಿಂದಲೂ ಹೀಗಾಗಬಹುದು. ಕೊಳವೆ ಸರಿಪಡಿಸಿದರೂ ಒತ್ತಡ ಇಳಿಯದಿದ್ದರೆ ಆಂಬ್ಯುಲೆನ್ಸ್ ಕರೆಯಬೇಕು.

ಭುಜದ ನೋವಿನ ಬಗ್ಗೆಯೂ ಎಚ್ಚರ ಬೇಕು. ಕೈ ಎತ್ತಿದಾಗ ಬರುವ ನೋವು ಭುಜದ ಕೀಲಿನದಾಗಿರಬಹುದು. ಮೆಟ್ಟಿಲು ಹತ್ತಿದಾಗ ಎಡಭುಜಕ್ಕೋ ದವಡೆಗೋ ಹರಡಿ, ನಿಂತರೆ ಇಳಿಯುವ ನೋವು ಹೃದಯದ್ದಾಗಿರುವ ಸಾಧ್ಯತೆ ಹೆಚ್ಚು. ಬೆವರು, ಎದೆ ಬಿಗಿತ ಜೊತೆಗೂಡಿದರೆ ವ್ಯಾಯಾಮ ಅಲ್ಲಿಗೇ ನಿಲ್ಲಲಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಮಾತ್ರ ಕಾಣಬಹುದು. ಅವರಿಗೆ ವ್ಯಾಯಾಮದ ನಡುವೆ ನಡುಕ, ತಣ್ಣನೆಯ ಬೆವರು, ಗೊಂದಲ ಬಂದರೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದು ನುಂಗುವ ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಿ.

ವಾರಗಳ ಥೆರಪಿಗೂ ಬಗ್ಗದ ಬೆನ್ನುನೋವಿನ ಜೊತೆಗೆ ಸಂಜೆಯ ಜ್ವರ, ತೂಕ ಇಳಿಯುವುದು, ಹಸಿವಿಲ್ಲದಿರುವುದು ಸೇರಿದರೆ ಬೆನ್ನುಮೂಳೆಯ ಕ್ಷಯವಿರಬಹುದು. ಹಿಂದೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರ ಹೊಸ ಬೆನ್ನುನೋವಿಗೂ ವ್ಯಾಯಾಮಕ್ಕೆ ಮೊದಲು ಪರೀಕ್ಷೆ ಆಗಬೇಕು.

[ನಿರೂಪಕಿ, ಕ್ಯಾಮೆರಾ ಎದುರು. ಪರದೆಯ ಮೇಲೆ: 108]

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ನಮ್ಮ ಗಡಿನಾಡಿಗೆ ಸಣ್ಣದಲ್ಲ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಹಾದಿ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡು ನಮಗೆಲ್ಲ ನೆನಪಿದೆ. ಉಸಿರಾಟದ ತೊಂದರೆ, ಎದೆನೋವು ಬಂದಾಗ ಶಸ್ತ್ರಚಿಕಿತ್ಸೆ ಮಾಡಿದ ಮಂಗಳೂರಿನ ವೈದ್ಯರನ್ನೇ ಹುಡುಕಿಕೊಂಡು ಹೋಗದೆ 108ಕ್ಕೆ ಕರೆ ಮಾಡಿ, ತುರ್ತು ವಿಭಾಗವಿರುವ ಸಮೀಪದ ಆಸ್ಪತ್ರೆಯನ್ನು ಮೊದಲು ತಲುಪಬೇಕು. ಮೂತ್ರ ಕಟ್ಟಿ ಕಾಲು ಸೋತ ರೋಗಿಯನ್ನು ಮಾತ್ರ ಎಂಆರ್‌ಐ ಮತ್ತು ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವಲ್ಲಿಗೇ ಒಯ್ಯುವುದು ಸರಿ. ಸಣ್ಣ ಕ್ಲಿನಿಕ್ಕುಗಳಲ್ಲಿ ಕಳೆಯುವ ಗಂಟೆಗಳು ಅವರ ಪಾಲಿಗೆ ನಷ್ಟವೇ. ಯಾವ ಆಸ್ಪತ್ರೆಯಲ್ಲಿ ಏನಿದೆಯೆಂದು ಥೆರಪಿ ಆರಂಭವಾಗುವ ದಿನವೇ ವಿಚಾರಿಸಿ, ಶಸ್ತ್ರಚಿಕಿತ್ಸೆಯ ದಿನಾಂಕ ಮತ್ತು ಔಷಧಿಗಳ ಪಟ್ಟಿಯ ಜೊತೆ ಬರೆದಿಡಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಅದು ಆ ಪಟ್ಟಿಯ ಮೊದಲ ಸಾಲಿನಲ್ಲಿರಲಿ. ತುರ್ತು ಚಿಕಿತ್ಸೆ ಮುಗಿದ ಮೇಲೆ ಯಾವ ವ್ಯಾಯಾಮವನ್ನು ಎಂದಿನಿಂದ ಆರಂಭಿಸಬಹುದೆಂದು ವೈದ್ಯರಿಂದ ಬರೆಸಿಕೊಂಡು ಥೆರಪಿಸ್ಟರಿಗೆ ತೋರಿಸಿ, ಆಮೇಲೆ ಮುಂದುವರಿಸಿ.