ಉಬ್ಬರವಿಳಿತದ ನಾಡು: ಕೊರಿಯಾದ ದಕ್ಷಿಣ ಜೊಲ್ಲಾ

ಕೇಳುಗರಿಗೆ ನಮಸ್ಕಾರ. ದಕ್ಷಿಣ ಕೊರಿಯಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಸೋಲ್ ನಗರ, ಕಾರು, ಮೊಬೈಲ್ ಫೋನುಗಳು ನೆನಪಾಗುತ್ತವೆ. ನಾನು ಇಂದು ಮಾತನಾಡಹೊರಟಿರುವುದು ಆ ದೇಶದ ನೈಋತ್ಯ ಮೂಲೆಯಲ್ಲಿರುವ ದಕ್ಷಿಣ ಜೊಲ್ಲಾ ಪ್ರಾಂತ್ಯದ ಬಗ್ಗೆ. ರಾಜಧಾನಿಯಲ್ಲಿ ಕುಳಿತು ಆಳಿದವರಿಗೆ ಇದು ಬಹುಕಾಲ ನಾಡಿನ ಅಂಚಾಗಿತ್ತು. ಅಕ್ಕಿ ತರಿಸಿಕೊಳ್ಳುವುದಕ್ಕೂ ಬೇಡವಾದವರನ್ನು ಗಡೀಪಾರು ಮಾಡುವುದಕ್ಕೂ ಒದಗಿಬಂದ ಸ್ಥಳ. ಅದೇ ಭೂಪಟವನ್ನು ಕಡಲಿನ ಕಡೆಯಿಂದ ನೋಡಿದರೆ, ಚೀನಾ, ಕೊರಿಯಾ ಮತ್ತು ಜಪಾನುಗಳ ನಡುವೆ ಓಡಾಡುವ ಹಡಗುಗಳ ದಾರಿ ಹಾದುಹೋಗುವುದೇ ಈ ಮೂಲೆಯ ಪಕ್ಕದಲ್ಲಿ. ಈ ಪ್ರಾಂತ್ಯದ ಚರಿತ್ರೆಯ ಬಹುಭಾಗ ಈ ಎರಡು ನೋಟಗಳ ನಡುವಿನ ಜಗ್ಗಾಟವೇ ಎಂದು ನನಗೆ ಅನ್ನಿಸುತ್ತದೆ.

ಮೊದಲು ನೆಲದ ವಿಚಾರ. ಪ್ರಾಂತ್ಯದ ವಿಸ್ತಾರ ಸುಮಾರು 12,300 ಚದರ ಕಿಲೋಮೀಟರ್. ಈಶಾನ್ಯದಲ್ಲಿ ಜಿರಿಸಾನ್ ಪರ್ವತ, ಪೂರ್ವದ ಗಡಿಯಲ್ಲಿ ಸೊಮ್ಜಿನ್ ನದಿ, ಪಶ್ಚಿಮದಲ್ಲಿ ನಾಜು ಬಯಲನ್ನು ತೋಯಿಸಿಕೊಂಡು ಮೊಕ್ಪೊ ಬಳಿ ಕಡಲು ಸೇರುವ ಯೊಂಗ್ಸಾನ್ ನದಿ. ಹಿಮಯುಗ ಮುಗಿದು ಸಮುದ್ರಮಟ್ಟ ಏರಿದಾಗ ಇಲ್ಲಿಯ ಗುಡ್ಡಗಳ ನಡುವಿನ ಕಣಿವೆಗಳೆಲ್ಲ ನೀರಿನಲ್ಲಿ ಮುಳುಗಿ, ಗುಡ್ಡದ ತಲೆಗಳು ಮಾತ್ರ ದ್ವೀಪಗಳಾಗಿ ಉಳಿದವು. ಕರಾವಳಿಯ ಅಂಚು ಕೊಲ್ಲಿಗಳಿಂದಲೂ ಭೂಶಿರಗಳಿಂದಲೂ ಹರಿದ ಬಟ್ಟೆಯ ಅಂಚಿನಂತೆ ಕಾಣುವುದು ಇದೇ ಕಾರಣದಿಂದ. ದಕ್ಷಿಣ ಕೊರಿಯಾದ ಒಟ್ಟು ದ್ವೀಪಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಎರಡು ಸಾವಿರವನ್ನು ಮೀರಿದ ಸಂಖ್ಯೆಯವು, ಈ ಒಂದೇ ಪ್ರಾಂತ್ಯಕ್ಕೆ ಸೇರಿವೆ. ಅವುಗಳಲ್ಲಿ ಜನ ವಾಸಿಸುವವು ಮುನ್ನೂರರ ಒಳಗೆ. ಸಿನಾನ್ ಎಂಬ ಜಿಲ್ಲೆಯಂತೂ ಬಹುಮಟ್ಟಿಗೆ ದ್ವೀಪಗಳಿಂದಲೇ ಆದದ್ದು.

ದ್ವೀಪಗಳಿಗಿಂತಲೂ ಮುಖ್ಯವಾದದ್ದು ಇಲ್ಲಿಯ ಉಬ್ಬರವಿಳಿತ. ನಮ್ಮ ಕಾರವಾರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಎರಡು ಮೀಟರಿನ ಆಸುಪಾಸು; ಮೊಕ್ಪೊ ಬಂದರಿನಲ್ಲಿ ಅದು ನಾಲ್ಕು ಮೀಟರಿನಷ್ಟಾಗುತ್ತದೆ. ಹಳದಿ ಸಮುದ್ರವು ಆಳವಿಲ್ಲದ ಕಡಲಾದ್ದರಿಂದ, ನೀರು ಹಿಂದೆ ಸರಿದಾಗ ಮೈಲುಗಟ್ಟಲೆ ಕೆಸರು ಬಯಲು ಮೇಲೇಳುತ್ತದೆ. ಬೊಸೊಂಗ್ ಜಿಲ್ಲೆಯ ಬೊಲ್ಗ್ಯೊ ಬಳಿ ಈ ಕೆಸರಿನಲ್ಲಿ ಚಿಪ್ಪುಮೀನು ಹೆಕ್ಕುವ ಹೆಂಗಸರು ಕಾಲ್ನಡಿಗೆಯಲ್ಲಿ ಹೋಗುವಂತಿಲ್ಲ, ಏಕೆಂದರೆ ತೊಡೆಯವರೆಗೆ ಹೂತುಹೋಗುವ ನೆಲ ಅದು. ಅವರ ಬಳಿ ಮುಂತುದಿ ಮೇಲಕ್ಕೆ ಬಾಗಿದ, ಆಳುದ್ದಕ್ಕಿಂತ ಉದ್ದವಾದ ಒಂದು ಹಲಗೆ ಇರುತ್ತದೆ. ಒಂದು ಮೊಣಕಾಲನ್ನು ಹಲಗೆಯ ಮೇಲೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ತಳ್ಳುತ್ತ, ಬುಟ್ಟಿಯನ್ನು ಮುಂದಿಟ್ಟುಕೊಂಡು ಅವರು ಜಾರುತ್ತ ಸಾಗುತ್ತಾರೆ. ನೀರು ಹಿಂತಿರುಗುವ ಮೊದಲು ಕೆಲಸ ಮುಗಿಸಿ ದಡ ಸೇರಬೇಕು. ಇಲ್ಲಿ ದಿನಚರಿಯನ್ನು ನಿರ್ಧರಿಸುವುದು ಸೂರ್ಯನಿಗಿಂತ ಹೆಚ್ಚಾಗಿ ಚಂದ್ರ. ಸಿನಾನ್ ಹಾಗೂ ಬೊಸೊಂಗ್-ಸುನ್‌ಚೊನ್ ಕೆಸರು ಬಯಲುಗಳು 2021ರಲ್ಲಿ ಉತ್ತರಕ್ಕಿರುವ ಪ್ರಾಂತ್ಯಗಳ ಇನ್ನೆರಡು ಬಯಲುಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಲಸೆ ಹಕ್ಕಿಗಳಿಗೆ ಇವು ಎಷ್ಟು ಮುಖ್ಯವೆಂಬುದು ಆ ಮನ್ನಣೆಗೆ ಒಂದು ಕಾರಣ. ಚಳಿಗಾಲದಲ್ಲಿ ಸುನ್‌ಚೊನ್ ಕೊಲ್ಲಿಯ ಜೊಂಡಿನ ನಡುವೆ ಸಾವಿರಾರು ಕೊಕ್ಕರೆಗಳು ಬಂದಿಳಿಯುತ್ತವೆ.

ಇನ್ನು ಚರಿತ್ರೆ. ಹ್ವಾಸುನ್‌ನಲ್ಲಿರುವ, ಕ್ರಿಸ್ತಪೂರ್ವದ ನೂರಾರು ಶಿಲಾಸಮಾಧಿಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ, ಏಕೆಂದರೆ ನಮ್ಮ ಕಥೆ ನಿಜವಾಗಿ ಆರಂಭವಾಗುವುದು 9ನೆಯ ಶತಮಾನದಲ್ಲಿ, ಜಾಂಗ್ ಬೊಗೊ ಎಂಬಾತನಿಂದ. ಸಾಮಾನ್ಯ ಕುಲದಲ್ಲಿ ಹುಟ್ಟಿದ ಈತ ತರುಣನಾಗಿದ್ದಾಗ ಚೀನಾಕ್ಕೆ ಹೋಗಿ ಅಲ್ಲಿಯ ಟಾಂಗ್ ಸೈನ್ಯದಲ್ಲಿ ಅಧಿಕಾರಿಯಾದ. ಕಡಲ್ಗಳ್ಳರು ತನ್ನ ನಾಡಿನವರನ್ನು ಹಿಡಿದು ತಂದು ಗುಲಾಮರಾಗಿ ಮಾರುತ್ತಿದ್ದುದನ್ನು ಅಲ್ಲಿ ಕಂಡು, 828ರಲ್ಲಿ ತಾಯ್ನಾಡಿಗೆ ಮರಳಿ, ಆಗ ಕೊರಿಯಾವನ್ನು ಆಳುತ್ತಿದ್ದ ಸಿಲ್ಲಾ ರಾಜ್ಯದ ರಾಜನ ಅಪ್ಪಣೆ ಪಡೆದು ವಾಂದೊ ದ್ವೀಪದಲ್ಲಿ ಚೊಂಗ್ಹೇಜಿನ್ ಎಂಬ ನೆಲೆಯನ್ನು ಕಟ್ಟಿದ. ಕಡಲ್ಗಳ್ಳತನ ಅಡಗಿದ ಮೇಲೆ ಆ ನೆಲೆಯೇ ಮೂರು ದೇಶಗಳ ವ್ಯಾಪಾರದ ಗಂಟಾಯಿತು. ಆ ಕಾಲದಲ್ಲಿ ಚೀನಾಕ್ಕೆ ಬಂದಿದ್ದ ಜಪಾನಿನ ಬೌದ್ಧ ಭಿಕ್ಷು ಎನ್ನಿನ್, ಚೀನಾದ ಶಾಂಡೊಂಗ್ ತೀರದಲ್ಲಿ ನೆಲೆಸಿದ್ದ ಕೊರಿಯನ್ನರು ತನಗೆ ಆಶ್ರಯ ನೀಡಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿಯ ವಿಹಾರವನ್ನು ಕಟ್ಟಿಸಿದವನು ಜಾಂಗ್ ಬೊಗೊ. ಆದರೆ ಈತ ಸಿಂಹಾಸನದ ಜಗಳದಲ್ಲಿ ತಲೆಹಾಕಿದ, ತನ್ನ ಮಗಳು ರಾಣಿಯಾಗಬೇಕೆಂದು ಬಯಸಿದ. ರಾಜಧಾನಿಯ ಕುಲೀನರಿಗೆ ದ್ವೀಪದವನೊಬ್ಬ ಅಷ್ಟು ಮೇಲೇರುವುದು ಸಹ್ಯವಾಗಲಿಲ್ಲ, ಅವನನ್ನು ಕೊಲ್ಲಿಸಿದರು. 851ರಲ್ಲಿ ನೆಲೆಯನ್ನೇ ಮುಚ್ಚಿ, ಅಲ್ಲಿಯ ಜನರನ್ನು ಒಳನಾಡಿನ ಗದ್ದೆಬಯಲಿಗೆ ಸಾಗಿಸಿದರು. ಹಡಗು ನಡೆಸುವವರ ಕೈಗೆ ನೇಗಿಲು ಕೊಟ್ಟ ಈ ಆಜ್ಞೆಯಲ್ಲಿ ರಾಜಧಾನಿಯ ಭಯ ಎದ್ದು ಕಾಣುತ್ತದೆ.

ಆ ಭಯ ನಿರಾಧಾರವೂ ಆಗಿರಲಿಲ್ಲ. 903ರಲ್ಲಿ ವಾಂಗ್ ಗೊನ್ ಎಂಬ ಸೇನಾಪತಿ ನೌಕಾಪಡೆಯೊಂದಿಗೆ ಬಂದು ನಾಜು ಪ್ರದೇಶವನ್ನು ಹಿಡಿದು, ಎದುರಾಳಿ ರಾಜ್ಯದ ಬೆನ್ನ ಹಿಂದೆಯೇ ಕಾಲೂರಿದ. 918ರಲ್ಲಿ ಅವನೇ ಗೊರ್ಯೊ ರಾಜ್ಯವನ್ನು ಸ್ಥಾಪಿಸಿದ. ನಾಜುವಿನ ಹೆಣ್ಣೊಬ್ಬಳು ಅವನ ರಾಣಿಯಾದಳು, ಅವಳ ಮಗ ಎರಡನೆಯ ರಾಜನಾದ. ಉತ್ತರದ ಜೊಂಜು ಮತ್ತು ದಕ್ಷಿಣದ ನಾಜು ಈ ಎರಡು ಊರುಗಳ ಮೊದಲಕ್ಷರಗಳನ್ನು ಕೂಡಿಸಿ ಜೊಲ್ಲಾ ಎಂಬ ಹೆಸರು ಹುಟ್ಟಿದ್ದು 1018ರಲ್ಲಿ. ಅದು ಉತ್ತರ ಮತ್ತು ದಕ್ಷಿಣವೆಂದು ಇಬ್ಭಾಗವಾದದ್ದು ಬಹಳ ತಡವಾಗಿ, 1896ರಲ್ಲಿ.

ಈ ಕಡಲದಾರಿಯಲ್ಲಿ ಎಂಥ ಸರಕು ಸಾಗುತ್ತಿತ್ತೆಂಬುದಕ್ಕೆ ಕೆಸರೇ ಒಂದು ಸಾಕ್ಷ್ಯವನ್ನು ಕಾಪಾಡಿಕೊಟ್ಟಿದೆ. 1975ರಲ್ಲಿ ಸಿನಾನ್‌ನ ಜುಂಗ್ದೊ ದ್ವೀಪದ ಬಳಿ ಮೀನುಗಾರನೊಬ್ಬನ ಬಲೆಗೆ ಪಿಂಗಾಣಿ ಪಾತ್ರೆಗಳು ಸಿಕ್ಕವು. ಮರುವರ್ಷದಿಂದ 1984ರವರೆಗೆ ನೌಕಾಪಡೆಯ ಮುಳುಗುಗಾರರ ನೆರವಿನಿಂದ ಶೋಧ ನಡೆಯಿತು. ಕೈ ಚಾಚಿದರೆ ಬೆರಳು ಕಾಣದಷ್ಟು ಕದಡಿದ ನೀರು, ಉಬ್ಬರಕ್ಕೂ ಇಳಿತಕ್ಕೂ ನಡುವೆ ಸೆಳೆತ ನಿಲ್ಲುವ ಸ್ವಲ್ಪ ಹೊತ್ತಿನಲ್ಲೇ ಕೆಲಸ. ಮೇಲೆ ಬಂದದ್ದು 1323ರಲ್ಲಿ ಚೀನಾದ ನಿಂಗ್ಬೊ ಬಂದರಿನಿಂದ ಜಪಾನಿಗೆ ಹೊರಟು ದಾರಿಯಲ್ಲೇ ಮುಳುಗಿದ ವ್ಯಾಪಾರಿ ಹಡಗು: ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಿಂಗಾಣಿಗಳು, 28 ಟನ್ ತಾಮ್ರದ ನಾಣ್ಯಗಳು, ಸುಗಂಧದ ಮರದ ತುಂಡುಗಳು, ಕಾಳುಮೆಣಸು. ಸರಕಿನ ಗಂಟುಗಳಿಗೆ ಕಟ್ಟಿದ್ದ ಮರದ ಚೀಟಿಗಳ ಮೇಲೆ ಬರೆದ ದಿನಾಂಕವೂ ಅಳಿಯದೆ ಉಳಿದಿತ್ತು. ಆ ಹಡಗಿನ ಒಡಲನ್ನು ಈಗ ಮೊಕ್ಪೊದ ಸಾಗರ ವಸ್ತುಸಂಗ್ರಹಾಲಯದಲ್ಲಿ ಜೋಡಿಸಿ ಇಟ್ಟಿದ್ದಾರೆ.

ಉಬ್ಬರವಿಳಿತವು ಯುದ್ಧವೊಂದರ ಗತಿಯನ್ನೇ ಬದಲಿಸಿದ ಕಥೆ ಕೊರಿಯಾದ ಪ್ರತಿ ಮಗುವಿಗೂ ಗೊತ್ತು. 1592ರಲ್ಲಿ ಜಪಾನ್ ದಂಡೆತ್ತಿ ಬಂದಾಗ ಯೊಸುವಿನಲ್ಲಿದ್ದ ಪ್ರಾಂತೀಯ ನೌಕಾನೆಲೆಯ ಅಧಿಪತಿ ಯಿ ಸುನ್‌ಸಿನ್. ಅವನು ಸಮುದ್ರದಲ್ಲಿ ಗೆಲ್ಲುತ್ತ ಹೋದದ್ದರಿಂದ ಜೊಲ್ಲಾದ ಅಕ್ಕಿ ಶತ್ರುವಿನ ಕೈಸೇರಲಿಲ್ಲ. ಈ ಪ್ರದೇಶವಿಲ್ಲದಿದ್ದರೆ ದೇಶವೇ ಇಲ್ಲವೆಂದು ಅವನು ಪತ್ರವೊಂದರಲ್ಲಿ ಬರೆದ ಮಾತನ್ನು ಅಲ್ಲಿಯವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಮುಂದೆ ಆಸ್ಥಾನದ ಒಳಸಂಚಿನಿಂದ ಅವನನ್ನು ಸೆರೆಗೆ ಹಾಕಿದರು. ಅವನ ಸ್ಥಾನಕ್ಕೆ ಬಂದವನು 1597ರಲ್ಲಿ ಹೆಚ್ಚುಕಡಿಮೆ ಇಡೀ ನೌಕಾಪಡೆಯನ್ನು ಕಳೆದುಕೊಂಡ ಮೇಲೆ ಮತ್ತೆ ಅವನನ್ನೇ ಕರೆಸಬೇಕಾಯಿತು. ಉಳಿದಿದ್ದವು 13 ಹಡಗುಗಳು, ಎದುರಿಗೆ ಬಂದವು ಕನಿಷ್ಠ 133. ಯಿ ಸುನ್‌ಸಿನ್ ಆರಿಸಿಕೊಂಡದ್ದು ಹೇನಾಮ್ ದಂಡೆಗೂ ಜಿಂದೊ ದ್ವೀಪಕ್ಕೂ ನಡುವಿನ ಉಲ್ದೊಲ್ಮೊಕ್ ಜಲಸಂಧಿಯನ್ನು. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 300 ಮೀಟರ್. ಎರಡೂ ಕಡೆಯ ಕಡಲಿನ ನೀರು ಆ ಬಾಯಲ್ಲಿ ನುಗ್ಗುವಾಗ ಭೋರ್ಗರೆಯುವ ಸದ್ದು ದೂರದವರೆಗೆ ಕೇಳುತ್ತದೆ. ಅಷ್ಟು ಕಿರಿದಾದ ದಾರಿಯಲ್ಲಿ ಶತ್ರುವಿನ ಸಂಖ್ಯಾಬಲ ಪ್ರಯೋಜನಕ್ಕೆ ಬರಲಿಲ್ಲ. ಬೆಳಿಗ್ಗೆ ಜಪಾನೀಯರನ್ನು ಮುಂದಕ್ಕೆ ಒಯ್ದ ಸೆಳೆತ ಹೊತ್ತೇರಿದ ಮೇಲೆ ದಿಕ್ಕು ಬದಲಿಸಿದಾಗ ಅವರ ಹಡಗುಗಳು ಒಂದಕ್ಕೊಂದು ತಾಗಿ ಗೊಂದಲಕ್ಕೆ ಬಿದ್ದವು. 31 ಹಡಗುಗಳು ನಾಶವಾದವು, ಉಳಿದವು ಹಿಂದೆ ಸರಿದವು. ಅದೇ ಸೆಳೆತದಿಂದ ವಿದ್ಯುತ್ ತೆಗೆಯುವ ಪ್ರಾಯೋಗಿಕ ಕೇಂದ್ರವೊಂದನ್ನು 2009ರಲ್ಲಿ ಅಲ್ಲಿ ನಿಲ್ಲಿಸಿದರು. ಜಿಂದೊ ಸುತ್ತಲಿನ ಸೆಳೆತಗಳಿಗೆ ಶೋಕದ ಮುಖವೂ ಇದೆ: 2014ರ ಏಪ್ರಿಲ್ 16ರಂದು ಸೆವೊಲ್ ಹಡಗು ಮುಳುಗಿ 304 ಮಂದಿ, ಬಹುಪಾಲು ಶಾಲಾ ಪ್ರವಾಸಕ್ಕೆ ಹೊರಟಿದ್ದ ವಿದ್ಯಾರ್ಥಿಗಳು, ಸತ್ತದ್ದು ಇದೇ ಜಿಂದೊ ಬಳಿಯ ಸಮುದ್ರದಲ್ಲಿ. ಅತಿಭಾರವೂ ಮನುಷ್ಯರ ಹೊಣೆಗೇಡಿತನವೂ ಆ ದುರಂತದ ಮೂಲ. ಮುಳುಗುಗಾರರ ಕೆಲಸವನ್ನು ದುಸ್ತರಗೊಳಿಸಿದ್ದು ಸೆಳೆತ.

ಗಡೀಪಾರಿನ ನೆಲವೆಂದು ಆಗಲೇ ಹೇಳಿದೆನಲ್ಲ, ಅದರಿಂದ ರಾಜಧಾನಿ ನಿರೀಕ್ಷಿಸದ ಫಲವೂ ಬಂತು. 1801ರಲ್ಲಿ ಕ್ಯಾಥೊಲಿಕರ ಮೇಲೆ ನಡೆದ ದಮನದಲ್ಲಿ ಸಿಕ್ಕಿಬಿದ್ದ ಇಬ್ಬರು ವಿದ್ವಾಂಸ ಸಹೋದರರನ್ನು ಇಲ್ಲಿಗೆ ಅಟ್ಟಿದರು. ನಾಜುವಿನಲ್ಲಿ ಬೀಳ್ಕೊಂಡ ಅಣ್ಣತಮ್ಮಂದಿರು ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ. ತಮ್ಮ ಜೊಂಗ್ ಯಾಕ್-ಯೊಂಗ್ ಗಾಂಗ್ಜಿನ್‌ನಲ್ಲಿ 1818ರವರೆಗೆ ಇದ್ದು, ಅಧಿಕಾರಿಗಳು ಜನರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಬಗ್ಗೆ ಬರೆದ ಗ್ರಂಥ ಕೊರಿಯಾದ ರಾಜಕೀಯ ಚಿಂತನೆಯ ಮುಖ್ಯ ಕೃತಿಗಳಲ್ಲೊಂದು. ಅಣ್ಣ ಜೊಂಗ್ ಯಾಕ್-ಜೊನ್ ಇನ್ನೂ ದೂರದ ಹುಕ್ಸಾನ್ ದ್ವೀಪಕ್ಕೆ ಹೋಗಬೇಕಾಯಿತು. ಅಲ್ಲಿ ಅವನು ಚಾಂಗ್-ದೆ ಎಂಬ ದ್ವೀಪದ ತರುಣನ ಜೊತೆ ಕೂತು, ಸುತ್ತಲಿನ ಕಡಲಿನ ಮೀನು, ಚಿಪ್ಪು, ಪಾಚಿಗಳನ್ನು ಒಂದೊಂದಾಗಿ ವಿಚಾರಿಸಿ, ಇನ್ನೂರಕ್ಕೂ ಹೆಚ್ಚು ಜೀವಿಗಳ ವಿವರವನ್ನು 1814ರಲ್ಲಿ ಪುಸ್ತಕವಾಗಿ ಬರೆದ. ಅದರ ಮುನ್ನುಡಿಯಲ್ಲಿ ಆ ತರುಣನ ಹೆಸರನ್ನು ಹೇಳಿ ಋಣ ಒಪ್ಪಿಕೊಂಡಿದ್ದಾನೆ. ಕುಲೀನ ಪಂಡಿತನೊಬ್ಬ ಬೆಸ್ತರ ತಿಳಿವಳಿಕೆಯನ್ನು ಅಷ್ಟು ಗೌರವದಿಂದ ದಾಖಲಿಸಿದ್ದು ಆ ಕಾಲಕ್ಕೆ ಅಪರೂಪ. ಬಿಡುಗಡೆ ಕಾಣದೆಯೇ ಅವನು 1816ರಲ್ಲಿ ಗಡೀಪಾರಿನಲ್ಲೇ ತೀರಿಕೊಂಡ. ಹುಕ್ಸಾನ್‌ನ ತೊರಕೆ ಜಾತಿಯ ಮೀನನ್ನು ಹುಳಿಬರಿಸಿ ತಿನ್ನುವ ರೂಢಿ ಇಂದಿಗೂ ಈ ಪ್ರಾಂತ್ಯದ ಗುರುತು. ಅದರ ಘಾಟು ಮೂಗಿಗೆ ಅಡರುವಂಥದು, ಆದರೂ ಅದಿಲ್ಲದ ಮದುವೆಯೂಟ ಊಟವೇ ಅಲ್ಲ ಎನ್ನುವವರಿದ್ದಾರೆ.

1897ರಲ್ಲಿ ಮೊಕ್ಪೊ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಜಪಾನಿನ ವಸಾಹತು ಕಾಲದಲ್ಲಿ ನಾಜು ಬಯಲಿನ ಅಕ್ಕಿ ಮತ್ತು ಹತ್ತಿ ಇಲ್ಲಿಂದಲೇ ಜಪಾನಿಗೆ ಸಾಗಿತು. ಅದಕ್ಕಾಗಿ 1914ರ ಹೊತ್ತಿಗೆ ರೈಲುದಾರಿಯೂ ಬಂತು. ಬಂದರು ಬೆಳೆದಷ್ಟೂ ಗೇಣಿ ರೈತರು ಬಡವಾದರು. 1923ರಲ್ಲಿ ಅಮ್ತೆ ದ್ವೀಪದ ಒಕ್ಕಲುಗಳು ಗೇಣಿ ಇಳಿಸಬೇಕೆಂದು ಹೋರಾಟ ಹೂಡಿ, ಮರುವರ್ಷ ದೋಣಿಗಳಲ್ಲಿ ಮೊಕ್ಪೊಗೆ ಬಂದು ನ್ಯಾಯಾಲಯದ ಅಂಗಳದಲ್ಲಿ ಉಪವಾಸ ಕುಳಿತು ಗೆದ್ದರು.

ಉಪ್ಪಿನ ಕಥೆ ಸ್ವಲ್ಪ ಬೇರೆ. ಸಿನಾನ್‌ನ ಬಿಸಿಲುಪ್ಪನ್ನು ಪುರಾತನ ಸಂಪ್ರದಾಯವೆಂಬಂತೆ ಮಾರುವುದುಂಟು. ವಾಸ್ತವದಲ್ಲಿ ಕೊರಿಯನ್ನರು ಹಿಂದೆ ಉಪ್ಪುನೀರನ್ನು ಕುದಿಸಿ ಉಪ್ಪು ತೆಗೆಯುತ್ತಿದ್ದರು, ಆಗರಗಳಲ್ಲಿ ಬಿಸಿಲಿಗೆ ಆರಿಸುವ ಕ್ರಮ ಬಂದದ್ದು 20ನೆಯ ಶತಮಾನದಲ್ಲಿ, ಅದೂ ಮೊದಲು ಇಂಚೊನ್ ಕಡೆ. ದೇಶ ಇಬ್ಭಾಗವಾಗಿ ಉತ್ತರದ ಆಗರಗಳು ಕೈತಪ್ಪಿದ ಮೇಲೆ ದಕ್ಷಿಣದ ದ್ವೀಪಗಳಲ್ಲಿ ಆಗರಗಳು ಹೆಚ್ಚಿದವು. ಜುಂಗ್ದೊದ ದೊಡ್ಡ ಆಗರವನ್ನು 1953ರಲ್ಲಿ ತೆರೆದದ್ದು ಕೊರಿಯಾ ಯುದ್ಧದ ನಿರಾಶ್ರಿತರಿಗೆ ಕೆಲಸ ಕೊಡುವುದಕ್ಕಾಗಿ. ಇದೇ ಉಪ್ಪಿನ ದ್ವೀಪಗಳಲ್ಲಿ ಬುದ್ಧಿಮಾಂದ್ಯರನ್ನು ಕೂಲಿಯಿಲ್ಲದೆ ಕೂಡಿಹಾಕಿ ದುಡಿಸುತ್ತಿದ್ದ ಸಂಗತಿ 2014ರಲ್ಲಿ ಬಯಲಾಗಿ ಇಡೀ ದೇಶ ತಲೆತಗ್ಗಿಸಿತು. ದೂರದ ದ್ವೀಪವೆಂದರೆ ಕಣ್ಣಿಗೆ ಬೀಳದ ಜಾಗ ಎಂಬ ಅರ್ಥ ಇನ್ನೂ ಪೂರ್ತಿ ಹೋಗಿಲ್ಲ.

ಸ್ವಾತಂತ್ರ್ಯದ ನಂತರವೂ ರಾಜಧಾನಿಯೊಂದಿಗಿನ ಜಗ್ಗಾಟ ಮುಗಿಯಲಿಲ್ಲ. 1948ರ ಅಕ್ಟೋಬರಿನಲ್ಲಿ ಯೊಸುವಿನ ಸೇನಾ ತುಕಡಿಯೊಂದು ಜೆಜು ದ್ವೀಪದ ಬಂಡಾಯವನ್ನು ಹತ್ತಿಕ್ಕಲು ಹೋಗುವುದಿಲ್ಲವೆಂದು ಸಿಡಿದೆದ್ದಾಗ, ಅದನ್ನು ಅಡಗಿಸುವ ನೆಪದಲ್ಲಿ ಸಾವಿರಾರು ನಾಗರಿಕರು ಸತ್ತರು. ಸತ್ಯಶೋಧನೆಗೆ ವಿಶೇಷ ಕಾನೂನು ಬಂದದ್ದು 2021ರಲ್ಲಿ. 1980ರ ಮೇ ತಿಂಗಳಿನಲ್ಲಿ ಸೇನಾಡಳಿತದ ವಿರುದ್ಧ ಗ್ವಾಂಗ್ಜು ಎದ್ದಿತು. ಆಗ ಆ ನಗರ ಈ ಪ್ರಾಂತ್ಯದ ರಾಜಧಾನಿಯಾಗಿತ್ತು, ಮೇ 27ರ ನಸುಕಿನಲ್ಲಿ ನಾಗರಿಕರು ಕೊನೆಯದಾಗಿ ಸೇನೆಯನ್ನು ಎದುರಿಸಿ ನಿಂತದ್ದು ಪ್ರಾಂತೀಯ ಸರ್ಕಾರದ ಕಚೇರಿಯಲ್ಲೇ. 1986ರಲ್ಲಿ ಗ್ವಾಂಗ್ಜು ಪ್ರಾಂತ್ಯದಿಂದ ಬೇರ್ಪಟ್ಟಿತು, 2005ರಲ್ಲಿ ಪ್ರಾಂತ್ಯದ ಕಚೇರಿ ಮುಆನ್‌ಗೆ ಹೋಯಿತು. ಎರಡನ್ನೂ ಮತ್ತೆ ಒಂದು ಮಾಡಬೇಕೆಂಬ ಮಾತು ಆಮೇಲೆ ಅಲ್ಲಿಯ ರಾಜಕೀಯದಲ್ಲಿ ಮತ್ತೆ ಮತ್ತೆ ಎದ್ದಿತು. ಸಿನಾನ್‌ನ ಹಾಉಯಿ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿ, ಮೊಕ್ಪೊದಲ್ಲಿ ಓದಿ, ಸೇನಾಡಳಿತದಿಂದ ಮರಣದಂಡನೆಯನ್ನೂ ವಿಧಿಸಿಕೊಂಡಿದ್ದ ಕಿಮ್ ದೇ-ಜುಂಗ್ 1998ರಲ್ಲಿ ರಾಷ್ಟ್ರಾಧ್ಯಕ್ಷರಾದರು, 2000ದಲ್ಲಿ ಶಾಂತಿ ನೊಬೆಲ್ ಪಡೆದರು.

ಕೈಗಾರಿಕೀಕರಣದ ದಶಕಗಳಲ್ಲಿ ಸರ್ಕಾರದ ಹಣ ಹೆಚ್ಚಾಗಿ ಹರಿದದ್ದು ಪೂರ್ವದ ಗ್ಯೊಂಗ್ಸಾಂಗ್ ಪ್ರದೇಶಕ್ಕೆ. ಯೊಸುವಿನ ಪೆಟ್ರೊರಾಸಾಯನಿಕ ಘಟಕಗಳು, ಗ್ವಾಂಗ್ಯಾಂಗ್‌ನ ಉಕ್ಕಿನ ಕಾರ್ಖಾನೆ ಬಂದರೂ ಹಳ್ಳಿಗಳ ತರುಣರು ಸೋಲ್ ಕಡೆ ಹೋಗುವುದು ನಿಲ್ಲಲಿಲ್ಲ. ಇಂದು ಪ್ರಾಂತ್ಯದ ಜನಸಂಖ್ಯೆ ಸುಮಾರು 18 ಲಕ್ಷ, ಅದರಲ್ಲಿ ಮುದುಕರ ಪಾಲು ದೇಶದಲ್ಲೇ ಅತಿ ಹೆಚ್ಚು. ದೂರದಲ್ಲಿರುವುದೇ ಅನುಕೂಲವಾದ ಸಂದರ್ಭಗಳೂ ಇವೆ. ದೇಶದ ಉಡಾವಣಾ ಕೇಂದ್ರವನ್ನು ಗೊಹುಂಗ್ ಜಿಲ್ಲೆಯ ನಾರೊ ದ್ವೀಪದಲ್ಲಿ ಕಟ್ಟಿದ್ದು ದಕ್ಷಿಣಕ್ಕೆ ತೆರೆದ ಕಡಲಿದೆಯೆಂಬ ಕಾರಣಕ್ಕೆ. 2022ರ ಜೂನ್‌ನಲ್ಲಿ ನೂರಿ ರಾಕೆಟ್ ಅಲ್ಲಿಂದಲೇ ಕಕ್ಷೆ ಸೇರಿತು. ಸಿನಾನ್‌ನ ಅಮ್ತೆ ದ್ವೀಪಕ್ಕೆ 2019ರಲ್ಲಿ ಏಳು ಕಿಲೋಮೀಟರಿಗೂ ಉದ್ದದ ಸೇತುವೆ ಬಂತು. ಅದೇ ಜಿಲ್ಲೆ, ದ್ವೀಪಗಳ ನೆಲದಲ್ಲಿ ಸೌರ ವಿದ್ಯುತ್ ಉತ್ಪಾದಿಸುವ ಸಂಸ್ಥೆಗಳು ಲಾಭದ ಒಂದು ಪಾಲನ್ನು ಅಲ್ಲಿಯ ನಿವಾಸಿಗಳಿಗೆ ಕೊಡಬೇಕೆಂದು ನಿಯಮ ಮಾಡಿ, 2021ರಿಂದ ಹಣ ಹಂಚತೊಡಗಿದೆ. ಹಣ ಸಿಗುವುದು ದ್ವೀಪದಲ್ಲೇ ಮನೆ ಮಾಡಿಕೊಂಡಿರುವವರಿಗೆ ಮಾತ್ರ. ಸೋಲ್‌ಗೆ ಹೋಗಿ ನೆಲೆಸಿ ಊರಿನಲ್ಲಿ ಜಮೀನು ಇಟ್ಟುಕೊಂಡವರಿಗೆ ಇಲ್ಲ.