ಎಲೆಕ್ಟ್ರಿಕ್ ಲೇಡಿಲ್ಯಾಂಡ್: ಟೇಪಿನಲ್ಲಿದ್ದದ್ದು, ತಟ್ಟೆಗೆ ಬಂದದ್ದು

ಕೇಳುಗರಿಗೆ ನಮಸ್ಕಾರ.

ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ‘ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯನ್ಸ್’ ಎಂಬ ಮೂವರ ರಾಕ್ ತಂಡದ ಕೊನೆಯ ಸ್ಟುಡಿಯೋ ಆಲ್ಬಂ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’. 1968ರ ಅಕ್ಟೋಬರಿನಲ್ಲಿ ಎರಡು ಎಲ್‌ಪಿ ತಟ್ಟೆಗಳಾಗಿ ಹೊರಬಂದು, ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೂ ಹೆಂಡ್ರಿಕ್ಸ್ ಅವರಿಗೆ ಸಮಾಧಾನವಿರಲಿಲ್ಲ. ಟೇಪಿನಲ್ಲಿ ತಾವು ಕೂರಿಸಿದ ಧ್ವನಿ, ಅದನ್ನು ತಟ್ಟೆಯ ಗೀರಾಗಿ ಕೊರೆಯುವ ಹಂತದಲ್ಲಿ ಕೆಟ್ಟಿತು ಎಂಬುದು ಅವರ ದೂರು. ಅದು ನ್ಯಾಯವಾದ ದೂರೇ.

ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ‘ಆಲ್ ಅಲಾಂಗ್ ದ ವಾಚ್‌ಟವರ್’ ಹಾಡು ಶುರುವಾದದ್ದು ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಧ್ವನಿಗಳನ್ನು ಬೇರೆಬೇರೆಯಾಗಿ ಹಿಡಿದಿಡುವ, ಟೇಪಿನಲ್ಲಿ. ತಂಡದ ಬಾಸ್ ಗಿಟಾರ್ ವಾದಕ ನೋಯೆಲ್ ರೆಡ್ಡಿಂಗ್ ಎದ್ದು ಹೋದಾಗ ಬಾಸನ್ನೂ ಹೆಂಡ್ರಿಕ್ಸ್ ಅವರೇ ನುಡಿಸಿದರು. ಮುಂದೆ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟಿನಲ್ಲಿ ಅದನ್ನು 12 ಟ್ರ್ಯಾಕಿಗೆ, ಆಮೇಲೆ 16 ಟ್ರ್ಯಾಕಿಗೆ ನಕಲಿಸಿ, ಗಿಟಾರಿನ ಮೇಲೆ ಗಿಟಾರ್ ಸೇರಿಸುತ್ತ ಹೋದರು. ಪ್ರತಿ ನಕಲಿಗೂ ಟೇಪಿನ ಹಿನ್ನೆಲೆಯ ಸುಯ್ಲು ಒಂದಿಷ್ಟು ಏರುತ್ತದೆ.

ಎಂಜಿನಿಯರ್ ಎಡ್ಡಿ ಕ್ರೇಮರ್ ಅವರ ಕೈಚಳಕ ಕಾಣುವುದು ಮಿಕ್ಸಿಂಗಿನಲ್ಲಿ, ಅಂದರೆ ಆ ಟ್ರ್ಯಾಕುಗಳನ್ನು ಎಡಬಲದ ಎರಡು ಧ್ವನಿಗಳಾಗಿ ಬೆರೆಸುವಲ್ಲಿ. ಒಂದೇ ಧ್ವನಿಯನ್ನು ಎರಡು ಯಂತ್ರಗಳಲ್ಲಿ ಓಡಿಸಿ, ಒಂದರ ವೇಗವನ್ನು ತುಸು ತಗ್ಗಿಸಬೇಕು. ಕೆಲವೇ ಮಿಲಿಸೆಕೆಂಡುಗಳ ಅಂತರದಿಂದ ಕೆಲವು ಸ್ವರಾಂಶಗಳು ಒಂದನ್ನೊಂದು ಅಳಿಸುತ್ತವೆ. ಅಂತರ ಬದಲಾದಂತೆ ಆ ಅಳಿಸುವಿಕೆಯೂ ಸರಿಯುತ್ತದೆ, ಧ್ವನಿ ತಲೆಯ ಸುತ್ತ ಸುಳಿದಂತಾಗುತ್ತದೆ. ಹದಿಮೂರು ನಿಮಿಷ ದಾಟುವ ‘1983’ ಗೀತೆಯಲ್ಲಿ ಕೇಳುವ ಕಡಲಹಕ್ಕಿಗಳಂತೂ ಹೆಡ್‌ಫೋನಿನ ಧ್ವನಿ ಮೈಕಿಗೆ ಮರಳಿ ಹೊಕ್ಕು ಹುಟ್ಟಿದ ಕೂಗು!

ಎಡಬಲಗಳ ನಡುವಿನ ಇಂಥ ಸುಳಿದಾಟವನ್ನು ತಟ್ಟೆಗೆ ಇಳಿಸುವಲ್ಲೇ ತೊಡಕು. ಸ್ಟೀರಿಯೋ ತಟ್ಟೆಯ ಗೀರಿಗೆ ಎರಡು ಗೋಡೆ. ಎಡದ ಧ್ವನಿ ಒಂದರಲ್ಲಿ, ಬಲದ್ದು ಇನ್ನೊಂದರಲ್ಲಿ. ಎರಡೂ ಕಡೆ ಒಂದೇ ಧ್ವನಿಯಿದ್ದರೆ ಮುಳ್ಳು ಅಡ್ಡಡ್ಡ ಅಲುಗುತ್ತದೆ. ಎಡದ ಅಲೆ ಏರುವಾಗ ಬಲದ್ದು ಇಳಿಯುತ್ತಿದ್ದರೆ, ಅಂದರೆ ಫೇಸ್ ತಿರುವಾಗಿದ್ದರೆ, ಮೇಲೆ ಕೆಳಗೆ ಕುಣಿಯುತ್ತದೆ. ಕುಣಿತ ಹೆಚ್ಚಾದರೆ ಗೀರು ತೆಳುವಾಗಿ ಮುಳ್ಳು ಹಾರಿಬೀಳುತ್ತದೆ. ಕೊರೆಯುವವರು ಈ ತಿರುವನ್ನು ತಪ್ಪೆಂದೇ ಭಾವಿಸಿದರು ಎನ್ನುತ್ತಿದ್ದರು ಹೆಂಡ್ರಿಕ್ಸ್. ಅದರ ಮೇಲೆ ಮೊದಲ ಬದಿಯೊಂದೇ ಸುಮಾರು 21 ನಿಮಿಷ, ಅದರಲ್ಲಿ 15 ನಿಮಿಷ ‘ವೂಡೂ ಚೈಲ್’ ಎಂಬ ಒಂದೇ ಹಾಡು. ಬಾಸ್, ಅಂದರೆ ತಗ್ಗಿನ ಸ್ವರ, ದಟ್ಟವಾದಷ್ಟೂ ಗೀರಿಗೆ ಜಾಗ ಹೆಚ್ಚು ಬೇಕು. ಬದಿ ಉದ್ದವಾದಷ್ಟೂ ಜಾಗ ಕಡಿಮೆ.

ಹಳೆಯ ಪ್ರತಿ ಕೊಳ್ಳುವವರು ಕ್ರಮ ನೋಡಿಕೊಳ್ಳಿ. ಹಲವು ಎಲ್‌ಪಿಗಳಲ್ಲಿ ಮೊದಲ ಬದಿಯ ಬೆನ್ನಿಗೆ ನಾಲ್ಕನೆಯದು, ಎರಡನೆಯದರ ಬೆನ್ನಿಗೆ ಮೂರನೆಯದು. ತಟ್ಟೆಗಳನ್ನು ಒಂದರ ಮೇಲೊಂದು ಬೀಳಿಸುವ ಚೇಂಜರ್ ಯಂತ್ರಕ್ಕಾಗಿ ಈ ಏರ್ಪಾಟು. ಇದನ್ನು ಗಮನಿಸದೆ ಮಾಡಿದ ಕೆಲವು ಆರಂಭದ ಸಿಡಿಗಳಲ್ಲಿ ಹಾಡುಗಳ ಸಾಲೇ ತಪ್ಪಿದೆ. 2018ರ ಐವತ್ತನೇ ವರ್ಷದ ಆವೃತ್ತಿಯನ್ನು ಮಾಸ್ಟರಿಂಗ್ ಎಂಜಿನಿಯರ್ ಬರ್ನಿ ಗ್ರಂಡ್‌ಮನ್ ಮೂಲ ಟೇಪುಗಳಿಂದ ಸಿದ್ಧಪಡಿಸಿದ್ದಾರೆ. ನನ್ನ ಆಯ್ಕೆ ಅದೇ.

ಕೇಳುವಾಗ ಎರಡು ಸ್ಪೀಕರ್ ಇರಲೇಬೇಕು. ಒಂದೇ ಸ್ಪೀಕರಿನಲ್ಲಿ ಎಡಬಲಗಳು ಕೂಡಿದಾಗ ತಿರುವು ಫೇಸಿನ ಧ್ವನಿ ಕರಗಿಹೋಗುತ್ತದೆ. ಸ್ಪೀಕರಿನ ತಂತಿಗಳನ್ನೂ ಒಮ್ಮೆ ನೋಡಿ: ಎರಡೂ ಕಡೆ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೇ ಸೇರಿರಬೇಕು. ಒಂದು ಕಡೆ ಅದಲುಬದಲಾದರೆ ಬಾಸ್ ಬಡವಾಗುತ್ತದೆ, ನಡುವೆ ನಿಲ್ಲಬೇಕಾದ ಹಾಡುದನಿ ಎಲ್ಲೋ ಚದುರುತ್ತದೆ.

ನಮಸ್ಕಾರ.